ವಾಪಸು ಕೊಡಲು ಏಳು ದಿನ

ಹದಿನೆಂಟು ಸಾವಿರದ ಒಂಬೈನೂರು.
ಬಿ.ಎಂ. ರಸ್ತೆಯ ಅಂಗಡಿಯ ಇಮ್ತಿಯಾಜ್
ಬಿಲ್ಲಿನ ಹಿಂದೆ ಕೈಯಾರೆ ಬರೆದುಕೊಟ್ಟ:
ಹಿಡಿಸದಿದ್ದರೆ ಏಳು ದಿನದೊಳಗೆ ತನ್ನಿ,
ಗೀರು ಬಿದ್ದಿರಬಾರದು.
ಗೀರು ಬೀಳದ ಹಾಗೆ ಏಳು ದಿನ ಬಾಳುವುದು
ನನಗೆ ಬಾರದ ವಿದ್ಯೆ. ಆದರೂ ತಗೊಂಡೆ.

ನನ್ನ ಕಸುಬು ಪತ್ರ ಬರೆಯುವುದು.
ಹಾಸನದ ನೋಂದಣಿ ಕಚೇರಿಯೆದುರು ಒಂದು ಹೊಂಗೆ,
ಬುಡಕ್ಕೆ ನನ್ನ ಮೇಜು, ಎರಡು ಸ್ಟೂಲು, ಲೈಸೆನ್ಸಿನ ಬೋರ್ಡು:
ಕ್ರಯ, ದಾನ, ಭೋಗ್ಯ, ವಿಭಾಗ.
ಸಂಜೆ ಚೀಲಕ್ಕೆ ಹಾಕಿಕೊಂಡು
ಪೆನ್ಷನ್ ಮೊಹಲ್ಲಾದ ತನಕ ನಡೆಯಬಲ್ಲ ಯಂತ್ರ ಬೇಕಿತ್ತು.

ಮೊದಲ ದಿನ ತೂಕ.
ಕಟ್ಟಿನಕೆರೆ ಮಾರ್ಕೆಟ್ಟಿನ ಆಲೂಗಡ್ಡೆಯ ಸಿದ್ದಮ್ಮ
ತಕ್ಕಡಿ ಒರೆಸಿ ಇಟ್ಟು ನೋಡಿದಳು.
ಡಬ್ಬದ ಮೇಲೆ ಒಂದು ಕೆ.ಜಿ. ಅಂತಿದೆ,
ಅವಳ ತಕ್ಕಡಿಯಲ್ಲಿ ಒಂದೂಕಾಲು.
'ಇಬ್ಬರಲ್ಲಿ ಒಬ್ಬರದು ಸುಳ್ಳು ಬಿಡಿ' ಅಂದಳು,
ಯಾರದು ಅನ್ನಲಿಲ್ಲ.

ಎರಡನೇ ದಿನ ಬಿಸಿಲು.
ಹತ್ತೂವರೆಗೆ ಹೊಂಗೆಯ ನೆರಳು ಕಾಂಪೌಂಡಿನಾಚೆ ಸರಿಯಿತು.
ಗಾಜಿನಲ್ಲಿ ಪತ್ರ ಮಾಯ, ನನ್ನ ಮುಖ ಹಾಜರು:
ಮೂಗುತಿ, ಬೆವರು, ಬಾಚಣಿಗೆಗೆ ಸಿಗದೆ ಉಳಿದ ಒಂದೆಳೆ.
ಹಳೇ ಕೊಡೆ ಬಿಚ್ಚಿ ಕೂತೆ. ಪಕ್ಕದ ಮೇಜಿನ ಗುರುಶಾಂತಪ್ಪನವರು
'ಯಂತ್ರಕ್ಕೂ ಬಾಣಂತನವೇನಮ್ಮಾ' ಎಂದು ನಕ್ಕರು.

ಕೀಲಿಗಳ ಮೇಲೆ ಕನ್ನಡ ಇಲ್ಲ. ಇರದಿರಲಿ,
ಹತ್ತೊಂಬತ್ತು ವರ್ಷದಿಂದ ಬೆರಳಿಗೆ ಗೊತ್ತು, ಕಣ್ಣನ್ನು ಕೇಳುವುದಿಲ್ಲ.
ಆದರೆ ತೆಳ್ಳಗಿವೆ, ಹಪ್ಪಳದ ಹಾಗೆ.
ಒತ್ತಿದ್ದು ಅದಕ್ಕೆ ತಿಳಿಯಿತೋ ಇಲ್ಲವೋ ಎಂಬ ಅನುಮಾನದಲ್ಲಿ
ಚಕ್ಕುಬಂದಿಯ 'ಕ'ಗೆ ಎರಡು ಒತ್ತು ಬಿದ್ದವು.
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ತಿಮ್ಮೇಗೌಡರ ಸ್ವತ್ತು,
ಉತ್ತರಕ್ಕೆ ಬರುವಷ್ಟರಲ್ಲಿ ನಿದ್ದೆಗೆ ಜಾರಿತ್ತು.
ಎರಡು ಕಡತ ತೆರೆದರೆ ಯೋಚಿಸುತ್ತದೆ,
ಮೂರು ತೆರೆದರೆ ಊಟದ ಹೊತ್ತಿನ ಗುಮಾಸ್ತರ ಹಾಗೆ
ಗೋಡೆ ನೋಡುತ್ತದೆ.

ಚಾರ್ಜು, ಹತ್ತರಿಂದ ಮೂರೂಕಾಲು.
ಡಬ್ಬದ ಮೇಲೆ ಒಂಬತ್ತು ಗಂಟೆ. ಸಿದ್ದಮ್ಮನ ನೆನಪಾಯಿತು.
ಕ್ಯಾಮೆರಾದಲ್ಲಿ ಆಧಾರ್ ಕಾರ್ಡು ಸ್ಪಷ್ಟ, ಮನುಷ್ಯರು ಮಸುಕು.
ರಾತ್ರಿ ಪರದೆಯೊಂದನ್ನೇ ಕಿತ್ತು ಹಾಸಿಗೆಗೆ ಒಯ್ದೆ,
ಯಾರೋ ಕಡುಬು ಬೇಯಿಸುವುದನ್ನು ನೋಡುತ್ತಾ
ಎದೆಯ ಮೇಲೆ ಬೀಳಿಸಿಕೊಂಡು ನಿದ್ದೆಹೋದೆ.
ಪೆಟ್ಟಾಗಲಿಲ್ಲ, ನನಗೂ, ಅದಕ್ಕೂ.

ಐದನೇ ದಿನ ಚೆಲುವಯ್ಯ, ತಮ್ಮ ದೊರೆಸ್ವಾಮಿ.
ಸಾಲಗಾಮೆ ರಸ್ತೆಯ ಸೈಕಲ್ ಅಂಗಡಿಯ ವಿಭಾಗ ಪತ್ರ.
ಒಂದೇ ಆಟೋದಲ್ಲಿ ಬಂದು
ಬಾಡಿಗೆಯನ್ನು ಅರ್ಧರ್ಧ ಎಣಿಸಿ ಕೊಟ್ಟರು.
ಅಣ್ಣನಿಗೆ ಸಣ್ಣ ಅಕ್ಷರ ಕಾಣದು.
ಪರದೆ ಹಿಡಿದೆಳೆದೆ, ಟಕ್ ಎಂದು ಬಿಟ್ಟುಕೊಂಡಿತು.
ಇಬ್ಬರೂ ಬೆಚ್ಚಿದರು. 'ಮುರೀತಾ ಮೇಡಂ?'
ಇಲ್ಲ, ಇದು ಇರುವುದೇ ಹೀಗೆ.

ಚೆಲುವಯ್ಯ ಪರದೆಯನ್ನು ತಟ್ಟೆಯ ಹಾಗೆ ಹಿಡಿದು
ಅಕ್ಷರ ಹಿಗ್ಗಿಸಿಕೊಂಡು ಓದಿದ.
ದೊರೆಸ್ವಾಮಿಯ ಮುಂದೆ ಬರೀ ಕೀಲಿಮಣೆ.
ಒಂದು ಕೀಲಿ ಒತ್ತಿದ. ಇನ್ನೊಂದು.
'ಇದೊಂದೇ ಇದ್ರೆ ಕೆಲ್ಸ ಮಾಡಲ್ವಾ?'
ಇಲ್ಲ.
'ಅದೊಂದೇ ಇದ್ರೆ?'
ಮಾಡುತ್ತೆ. ತಕ್ಕಮಟ್ಟಿಗೆ.
ಅವನು ಅಣ್ಣನ ಕಡೆ ನೋಡಿದ. ಅಣ್ಣ
ಗಾಳಿ ಪಂಪು ಯಾರಿಗೆ ಎಂಬ ಸಾಲಿನಲ್ಲಿ ನಿಂತುಬಿಟ್ಟಿದ್ದ.

ರಿಪೇರಿಯವನ ಕಣ್ಣು. ಅಂಚಿನ ಕಾಂತವನ್ನು ಉಗುರಿನಿಂದ ತಟ್ಟಿ ಕೇಳಿದ:
'ಎಷ್ಟು ಸಲ ಕಿತ್ತು ಹಾಕಿದ್ರೆ ಸವೆಯುತ್ತೆ?'
ಅದನ್ನು ನಾನು ಪರೀಕ್ಷಿಸಿರಲಿಲ್ಲ.
ಡಬ್ಬದ ಮೇಲೂ ಬರೆದಿಲ್ಲ.

ಸಹಿ ಹಾಕಿದರು. ಪರದೆಯನ್ನು ತಮ್ಮನೇ ಕೂರಿಸಿದ,
ಮೊದಲು ಓರೆಯಾಗಿ, ಆಮೇಲೆ ನೆಟ್ಟಗೆ.

ಏಳನೇ ದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಗೀರು.
ತಕ್ಕಡಿಯದೋ, ಉಗುರಿನದೋ, ನನ್ನ ಮೂಗುತಿಯದೋ.
ಇಮ್ತಿಯಾಜನ ಅಂಗಡಿ ದಾಟಿ ಮುಂದೆ ಹೋದೆ.
ಬೇಲಿಗೆ ಕೊಡೆ ನೇತುಹಾಕಿದ್ದವನ ಹತ್ತಿರ
ದೊಡ್ಡದೊಂದು ಕೊಂಡೆ, ಕಪ್ಪು, ಮುನ್ನೂರ ಇಪ್ಪತ್ತು.
ಎಷ್ಟು ದಿನ ಬರುತ್ತಪ್ಪಾ?
'ಗಾಳಿ ಕೇಳ್ಬೇಕು' ಅಂದ.