ಹಲಗೆಯ ಬೆನ್ನು

ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿ ರುಚಿ ನೋಡುವುದಕ್ಕೊಂದು ಕ್ಯಾಬಿನ್.
ಹತ್ತಡಿಗೆ ಎಂಟು. ಒಂದೇ ಕಿಟಕಿ, ಉತ್ತರಕ್ಕೆ.
ಗೋಡೆಗೆಲ್ಲ ಸಿಲ್ವರ್ ಹಲಗೆ ಹೊಡೀರಿ,
ವಾಸನೆ ಮಾತ್ರ ಬರಕೂಡದು, ಅಂದರು
ದಾಕ್ಷಾಯಿಣಿ ಮೇಡಂ.
ಇಪ್ಪತ್ತಾರು ವರ್ಷದಿಂದ ಅಲ್ಲಿನ ಕಾಫಿಗೆ
ಅವರ ನಾಲಿಗೆಯೇ ತಕ್ಕಡಿ.

ವಾಸನೆ ಇಲ್ಲದ ಮರ ಯಾವುದಿದೆ ಮೇಡಂ, ಅಂದೆ.
ಹುಡುಕಿ, ಅಂದರು.

ಹಲಗೆಗಳನ್ನು ತಂದು ಮೊದಲು ಒಳಗೆ ಮಲಗಿಸಿದೆ
ಹತ್ತು ದಿನ, ಏನೂ ಮಾಡದೆ.
ಬಂದ ಮನೆಯ ಗಾಳಿ ಮರಕ್ಕೆ ಒಗ್ಗಬೇಕು,
ಇಲ್ಲದಿದ್ದರೆ ಮೊಳೆ ಹೊಡೆದ ಮೇಲೆ ಜಗಳ ತೆಗೆಯುತ್ತದೆ.
ಮ್ಯಾನೇಜರು ದಿನಾ ಇಣುಕಿ
ಕೆಲಸ ಯಾವಾಗ ಶುರು ಅನ್ನುತ್ತಿದ್ದರು.
ಶುರುವಾಗಿದೆ ಸಾರ್, ಅನ್ನುತ್ತಿದ್ದೆ.

ಆಮೇಲೆ ಕಾಫಿ ಹರವುವ ಕಣದ ಅಂಚಿಗೆ ಸಾಗಿಸಿ
ಎಂಬತ್ತರ ಉಪ್ಪುಕಾಗದ, ನೂರಿಪ್ಪತ್ತು, ಕೊನೆಗೆ ಇನ್ನೂರಿಪ್ಪತ್ತು.
ಉಜ್ಜಿದಷ್ಟೂ ಸಿಲ್ವರ್ ಮೈಯಲ್ಲಿ ಮೀನಿನ ಹುರುಪೆಯ ಹೊಳಪು.
ಎಸ್ಟೇಟಿನಲ್ಲಿ ನೆರಳು ಕೊಟ್ಟು ಮೆಣಸಿನ ಬಳ್ಳಿ ಹೊತ್ತದ್ದಷ್ಟೇ ಅದರ ಕೆಲಸ;
ಒಳಗೆ ಇಷ್ಟೊಂದು ಇಟ್ಟುಕೊಂಡಿತ್ತೆಂದು
ತಬ್ಬಿಕೊಂಡಿದ್ದ ಬಳ್ಳಿಗೂ ಗೊತ್ತಿರಲಿಲ್ಲ.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದೆವು.
ಸ್ಪಿರಿಟ್ಟು ಹಾರುವಾಗ ತನ್ನ ವಾಸನೆಯನ್ನೂ
ಗಂಟುಮೂಟೆ ಕಟ್ಟಿ ಒಯ್ಯುತ್ತದೆ.
ಮುಖಕ್ಕೆ ಮೂರು ಕೈ. ಬೆನ್ನಿಗೂ ಮೂರು.
ಗೋಡೆಗೆ ತಿರುಗೋ ಬೆನ್ನಿಗ್ಯಾಕೆ ಮಾಮು, ಯಾರ್ ನೋಡ್ತಾರೆ,
ಅಂದ ಇಲ್ಯಾಸ್, ಅಕ್ಕನ ಮಗ.
ತೇವ ನೋಡುತ್ತೆ ಕಣೋ, ಅಂದೆ.
ಒಂದೇ ಕಡೆ ಹಚ್ಚಿದ ಹಲಗೆ
ಮುಂದಿನ ಆಷಾಢದೊಳಗೆ
ದೊನ್ನೆಯ ಹಾಗೆ ಬಾಗುತ್ತದೆ.

ಗೋಡೆ ನೆಟ್ಟಗಿರಲಿಲ್ಲ. ತೂಗುಗುಂಡು ಬಿಟ್ಟರೆ
ಮೇಲಕ್ಕೂ ಕೆಳಕ್ಕೂ ಒಂದು ಬೆರಳು ವ್ಯತ್ಯಾಸ.
ರೀಪರಿನ ಹಿಂದೆ ಚಕ್ಕೆ ಕೊಟ್ಟು ಕೊಟ್ಟು
ಗೋಡೆಯ ಸುಳ್ಳನ್ನು ನಿಭಾಯಿಸಿದೆ.
ಆಮೇಲೆ ಹಲಗೆ: ಒಂದರ ನಾಲಿಗೆ
ಇನ್ನೊಂದರ ಬಾಯೊಳಗೆ, ಮೆಲ್ಲಗೆ.
ಮೊಳೆ ಹೊಡೆಯುವುದು ನಾಲಿಗೆಗೇ;
ಮುಂದಿನ ಹಲಗೆ ಬಂದು ಅದನ್ನು ಮುಚ್ಚುತ್ತದೆ.
ಕೆಳಗೆ ಎರಡು ರೂಪಾಯಿ ನಾಣ್ಯದ ದಪ್ಪ ಬಿಟ್ಟೆ,
ಮರ ಮೈ ಮುರಿಯಲಿಕ್ಕೆ.

ಕೊನೆಯ ದಿನ
ಕಿಟಕಿಯ ಹಳೇ ಪೇಂಟಿನ ಕಲೆ ಒರೆಸಲು
ಇಲ್ಯಾಸ್ ನನಗೆ ಹೇಳದೆ ಟರ್ಪೆಂಟೈನ್ ತಂದಿದ್ದ.
ಒದ್ದೆ ಬಟ್ಟೆ ಮೇಜಿನ ಕೆಳಗೇ ಬಿದ್ದಿತ್ತು.
ನನಗೆ ಕಣ್ಣುರಿ.
ಅಷ್ಟರಲ್ಲಿ ಮೇಡಂ ಬಂದರು.
ಬಾಗಿಲು ಹಾಕಿ, ಕಣ್ಣು ಮುಚ್ಚಿ,
ಮೂಗು ಹಲಗೆಗೆ ತಾಗುವಷ್ಟು ಹತ್ತಿರ ನಿಂತು
ಉದ್ದಕ್ಕೆ ಉಸಿರೆಳೆದರು.
ನಾನು ಬೈಸಿಕೊಳ್ಳಲು ತಯಾರಾದೆ.

ಚೆನ್ನಾಗಿದೆ, ಅಂದರು. ಏನೂ ಇಲ್ಲ.
ಮತ್ತೊಮ್ಮೆ ಎಳೆದರು.
ಏನೂ ಇಲ್ಲ, ಅಲ್ವಾ?

ಇಷ್ಟು ದಿನ ಕಣದಿಂದ ನೋಡಿದ್ದು:
ಸಾಲು ಕಪ್ಪುಗಳ ಮುಂದೆ ಅವರು ನಿಂತೇ ಇರುವುದು,
ಸುರ್ರೆಂದು ಹೀರಿ, ಉಗಿದು,
ಚೀಟಿ ಬರೆಯುವ ಮೊದಲು ಅಟೆಂಡರನ ಮುಖ ನೋಡುವುದು,
ಹೋದ ವರ್ಷದ ಜ್ವರದ ಬಗ್ಗೆ ವಾಚ್‌ಮನ್ ಅಂದ ಅರ್ಧ ಮಾತು,
ಎಲ್ಲ ಒಂದರೊಳಗೊಂದು ಕೂತವು,
ಸುತ್ತಿಗೆಯೇ ಬೇಕಾಗಲಿಲ್ಲ.

ಇಲ್ಲ ಮೇಡಂ, ಅಂದೆ.
ಇಲ್ಯಾಸ್ ಬಾಯಿ ತೆರೆದ. ಅವನ ಕಾಲು ತುಳಿದೆ.
ಅವರು ಅತ್ತ ತಿರುಗಿದಾಗ
ಬಟ್ಟೆಯನ್ನು ಮುದ್ದೆ ಮಾಡಿ ಜೇಬಿಗೆ ತುರುಕಿದೆ.

ಉಪ್ಪಳ್ಳಿಯಲ್ಲಿ, ಚಪ್ಪಲಿ ಬಿಡುವ ಮೊದಲೇ,
ಒಲೆಯ ಹತ್ತಿರದಿಂದ ಮೈಮುನಾ ಕೂಗಿದಳು:
ಏನಿದು, ಟರ್ಪೆಂಟೈನಾ?
ಹೂಂ, ಅಂದೆ.
ಜೇಬು ಇನ್ನೂ ಒದ್ದೆ.

ನಾಳೆ ಸ್ಕರ್ಟಿಂಗ್ ಒಂದು ಬಾಕಿ ಇದೆ.