ಒಂದು ಕಿವಿ

ಹಾವು ಹಿಡಿಯಲು ಕೊಳಕೇರಿಯ ಹಂಸ ಇದ್ದಾನೆ,
ಅವನ ನಂಬರು ಅಡುಗೆಮನೆ ಗೋಡೆಯಲ್ಲಿ
ಸೀಮೆಸುಣ್ಣದಲ್ಲಿದೆ.
ನಾಯಿಯನ್ನು ಹಿಡಿಯುವವರು ಯಾರು?

ರಾಕೆಟ್ ಕಣದ ಟಾರ್ಪಾಲಿನಡಿ ಮೂತಿ ತೂರಿಸಿ
ತಲೆ ಒದರಿಕೊಂಡು ಬಂದಿದ್ದ,
ಬಾಲ ಆಡಿಸಿದ್ದ ಕೂಡ.
ನಾವು ಅರಿಶಿನ ಹಚ್ಚಿದೆವು, ಕರಿಮೆಣಸು ಅರೆದೆವು,
ಯಾರೋ ಹೇಳಿದ ಸೊಪ್ಪಿಗೆ ಬೇಲಿಯೆಲ್ಲ ತಡಕಿದೆವು.
ನಾಪೋಕ್ಲಿನ ಡಾಕ್ಟರ್ ದೇಚಮ್ಮ ಗಡಿಯಾರ ನೋಡಿದರು.
"ಸೊಪ್ಪು ಹುಡುಕುವ ಹೊತ್ತಿಗೆ ಜೀಪು ಹತ್ತಿದ್ದರೆ..."
ಮುಗಿಸಲಿಲ್ಲ.
ಆ ಮಾತಿನ ಉಳಿದರ್ಧ ಇನ್ನೂ ನನ್ನ ಹತ್ತಿರವೇ ಇದೆ.

ಆಮೇಲೆ ಬಂದವಳು ಚೂಟಿ.
ಬಂದ ತಿಂಗಳಿಗೇ ಒಂದು ಕೇರೆಹಾವನ್ನು ಕೊಂದು
ಮೆಟ್ಟಿಲ ಮೇಲೆ ನೀಟಾಗಿ ಇಟ್ಟು
ಊಟಕ್ಕೆ ಏಳಿ ಎಂಬಂತೆ ನಿಂತಳು.
ಹೊಗಳಲಾಗಲಿಲ್ಲ. ಬೈಯಲೂ.

ಪಾಠ ಶುರುವಾಯಿತು.
ಹಳೆಯ ಸ್ಪ್ರಿಂಕ್ಲರ್ ಪೈಪಿನ ತುಂಡಿಗೆ ಹಗ್ಗ ಕಟ್ಟಿ
ಕಾಫಿ ಸಾಲಿನಲ್ಲಿ ಸರಸರ ಎಳೆಯುವುದು
ಲೈನ್‌ಮನೆಯ ಜಾನುವಿನ ಕೆಲಸ.
"ಬಾ" ಎನ್ನುವುದು ನನ್ನದು.
ಕಿರುಚಬಾರದು. ಕಿರುಚಿದರೆ
ನಾನೂ ಬೇಟೆಗೆ ಸೇರಿಕೊಂಡೆ ಎಂದುಕೊಳ್ಳುತ್ತಾಳೆ.
ಬಂದರೆ ಒಣಸಿಗಡಿ.
ಎರಡು ತಿಂಗಳು ನನ್ನ ಕಿಸೆಗಳೆಲ್ಲ ಸಿಗಡಿ ನಾತ,
ಚೆಯ್ಯಂಡಾಣೆ ಬಸ್ಸಿನಲ್ಲಿ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಹೂಮಳೆ ಬಿದ್ದು ಎಂಟನೇ ದಿನ.
ತೋಟವೆಲ್ಲ ಬಿಳಿ, ಬೇರೆ ಯಾವ ವಾಸನೆಗೂ
ಜಾಗವಿಲ್ಲದಷ್ಟು ಘಮ.
ಕೆರೆ ಏರಿಯ ಮೇಲೆ ಎದ್ದು ನಿಂತಿತ್ತು ಕಾಳಿಂಗ,
ನನ್ನ ಸೊಂಟದೆತ್ತರ.
ಬುಸುಗುಟ್ಟಲಿಲ್ಲ ಅದು,
ಗುರುಗುಟ್ಟಿತು, ನಾಯಿಯ ಹಾಗೆ.
ಚೂಟಿಯೂ.
ಇಬ್ಬರಲ್ಲಿ ಯಾರ ದನಿ ಯಾವುದೋ ತಿಳಿಯಲಿಲ್ಲ,
ನಡುವೆ ಒಂದೂವರೆ ಮಾರು ನೆಲ.

ಒಣಗಿದ ಬಾಯಲ್ಲಿ,
ಅನ್ನಕ್ಕೆ ಕರೆಯುವ ದನಿ ಹುಡುಕಿ,
"ಬಾ" ಎಂದೆ.

ಒಂದು ಕಿವಿ ತಿರುಗಿತು.
ಮಿಕ್ಕ ಮೈಯೆಲ್ಲ ಅಲ್ಲೇ.

ಎರಡನೇ ಸಲ ಕರೆಯಬಾರದು,
ಕರೆದರೆ ಮೊದಲನೆಯದು ಸುಳ್ಳಾಗುತ್ತದೆ.
ನಿಂತೆ.
ಮುಂಗಾಲು ಒಂದು ಹಿಂದೆ ಬಂತು. ಇನ್ನೊಂದು.
ಬೆನ್ನು ತೋರಿಸದೆ ಬಂದಳು ನನ್ನ ಮೊಣಕಾಲಿನವರೆಗೆ;
ಕೊರಳಪಟ್ಟಿ ಹಿಡಿದಾಗ ತಿಳಿಯಿತು
ನಡುಗುತ್ತಿದ್ದದ್ದು ನನ್ನ ಕೈ.

ಹಂಸ ಫೋನಿನಲ್ಲೇ ಹೇಳಿದ:
"ನಾಯಿಯನ್ನು ಒಳಗೆ ಹಾಕಿ, ದೂರ ನಿಂತು ದಾರಿ ಬಿಡಿ.
ಅದಕ್ಕೂ ಎಲ್ಲಿಗೋ ಹೋಗಬೇಕಿರುತ್ತೆ."
ಹೋಯಿತು, ಗಿಡಗಳ ಬುಡದಲ್ಲಿ,
ಮೈ ತಾಗಿದಲ್ಲೆಲ್ಲ ಹೂ ಉದುರಿಸುತ್ತಾ.

ಸಂಜೆ ತಟ್ಟೆಯಲ್ಲಿ ಸಿಗಡಿ ಹಾಗೇ ಇತ್ತು,
ಬೊಗಸೆ ತುಂಬ, ಒಂದನ್ನೂ ಮುಟ್ಟಿರಲಿಲ್ಲ.
ಚೂಟಿ ನನಗೆ ಬೆನ್ನು ಹಾಕಿ ಮಲಗಿದ್ದಳು.

ನಡುರಾತ್ರಿ ನಿದ್ದೆಯಲ್ಲಿ
ಅವಳ ನಾಲ್ಕೂ ಕಾಲು ಓಡುತ್ತಿದ್ದವು,
ಗಂಟಲೊಳಗೆ ಸಣ್ಣ ಬೊಗಳು.
ಅಲ್ಲಿ ನಾನು ಕರೆಯಲಿಲ್ಲ.