ಏಳನೇ ಅಧ್ಯಾಯ, ನಾಲ್ಕನೇ ಹಂತ

ಏಳನೇ ಅಧ್ಯಾಯ ತೆಗೆದುಹಾಕೋಣ ಎಂದವನು ನಾನೇ.
ಓಸ್ಟ್ರಾವಾದ ಗ್ರಂಥಾಲಯದ ಹಿಂದಿನ ಕೋಣೆ, ಗುರುವಾರ ಸಂಜೆ,
ಬಾಗಿಲು ಹಾಕಿದ ಮೇಲೆ ನಮಗೆಂದು ಬಿಟ್ಟುಕೊಡುವ ಒಂದೂವರೆ ಗಂಟೆ.
ಹೀಟರಿನ ಮೇಲೆ ಒಣಗುತ್ತಿದ್ದವು ನಾಲ್ಕು ಜೊತೆ ಕೈಗವಸು.
ತಯಾರಿಕೆ ನಿಂತು ಇಪ್ಪತ್ತಾರು ವರ್ಷವಾದ ಯಂತ್ರ,
ಮಾಡಿದವರೇ ಅದರ ಹೆಸರು ಮರೆತಿದ್ದಾರೆ,
ಇದರ ಕೈಪಿಡಿಯನ್ನು ಓದುವವರಾದರೂ ಯಾರು, ಎಂದೆ.
ನಾನು ಸೇರಿ ಎರಡು ತಿಂಗಳಾಗಿತ್ತು. ಬಾಯಿ ದೊಡ್ಡದು.

ಕ್ವೆತೊಸ್ಲಾವಾ ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿದಳು.
ಮೂವತ್ತೊಂದು ವರ್ಷ ರೈಲ್ವೆ ವೇಳಾಪಟ್ಟಿಯ ಕರಡು ತಿದ್ದಿದವಳು,
ಒಂದು ಅಂಕಿ ತಪ್ಪಿದರೆ ಯಾವುದೋ ಸಣ್ಣ ನಿಲ್ದಾಣದಲ್ಲಿ
ಯಾರೋ ಹಿಮದಲ್ಲಿ ನಿಂತೇ ಇರುತ್ತಾರೆಂದು ಬಲ್ಲವಳು.
ಏನೂ ಹೇಳಲಿಲ್ಲ. ಒಂದು ಪತ್ರವನ್ನು ನನ್ನತ್ತ ತಳ್ಳಿದಳು.

ಪೈಸಂದು, ಉರುಗ್ವೆ.
ಉಣ್ಣೆಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆ ನಮ್ಮದು.
ತೊಟ್ಟಿಗಳ ಶಾಖ ನೋಡಿಕೊಳ್ಳುವುದು ಈ ಯಂತ್ರವೇ, ಮಾವನ ಕಾಲದಿಂದ.
ಮೂರು ನಿಮಿಷ ಕಾಯಿರಿ ಎಂದು ನಿಮ್ಮ ಕೈಪಿಡಿಯಲ್ಲಿತ್ತು. ಕಾದೆ.
ಪರದೆ ಕಪ್ಪಗೇ ಇತ್ತು. ಇನ್ನೂ ಎರಡು ಕಾದೆ.
ಆಮೇಲೆ ಆರಿಸಿಬಿಟ್ಟೆ. ಈಗ ಅದು ಏಳುತ್ತಲೇ ಇಲ್ಲ.
ತಪ್ಪು ನನ್ನದೇ ಇರಬೇಕು.
ಇಂತಿ, ಏಡೆಲ್ಮಿರಾ.

ಬೈಗುಳವೇ ಇಲ್ಲದ ಪತ್ರ. ಅದೇ ಚುಚ್ಚಿದ್ದು.

ನಾಲ್ಕನೇ ಹಂತದ ಚರಿತ್ರೆ ಬಿಡಿಸಿ ನೋಡಿದೆವು.
‘ಮೂರು’ ಬರೆದವನು ಯಾರೋ ಓಲಾವಿ,
ಹನ್ನೆರಡು ವರ್ಷದ ಹಿಂದೆ, ರಾತ್ರಿ ಎರಡೂ ಹತ್ತಕ್ಕೆ.
ಆಗ ಅದು ನಿಜವೇ ಆಗಿತ್ತು.
ಆಮೇಲೆ ತಂತ್ರಾಂಶ ವರ್ಷ ವರ್ಷವೂ ಮೈ ತುಂಬಿಕೊಂಡಿತು,
ವಾಕ್ಯ ಮಾತ್ರ ಚಿಕ್ಕಂದಿನ ಅಂಗಿ ತೊಟ್ಟೇ ನಿಂತಿತ್ತು.
ನಡುವೆ ಒಂಬತ್ತು ಜನ ಆ ಪುಟ ಮುಟ್ಟಿದ್ದಾರೆ:
ಅಲ್ಪವಿರಾಮ, ಕಾಗುಣಿತ, ಯಾವುದೋ ಮುರಿದ ಕೊಂಡಿ.
ಒಂಬತ್ತನೆಯವನು ನಾನು.
ಒಂದು ಪೂರ್ಣವಿರಾಮ ಸರಿಪಡಿಸಿ ಬೀಗಿದ್ದೆ.

ಓತಕಾರನ ನೆಲಮಾಳಿಗೆಯಲ್ಲಿ ಅಂಥದೊಂದು ಇನ್ನೂ ಇದೆ,
ಉಪ್ಪಿನಲ್ಲಿ ಹಾಕಿಟ್ಟ ಕೋಸಿನ ಭರಣಿಗಳ ಪಕ್ಕ,
ಹಳೆ ಮೇಜುಬಟ್ಟೆ ಹೊದ್ದು.
ಟ್ರಾಮ್ ಡಿಪೋದಲ್ಲಿ ರಾತ್ರಿಪಾಳಿ ಮುಗಿಸಿ ಬಂದವನು
ಬೂಟು ಬಿಚ್ಚದೆ ಸ್ವಿಚ್ಚು ಒತ್ತಿದ.
ಫ್ಯಾನು ಮೊದಲು ಕೆಮ್ಮಿತು, ಆಮೇಲೆ ಗೊರಕೆಗೆ ಇಳಿಯಿತು.
ಒಂದು. ಎರಡು. ಮೂರು.
ಪರದೆಯಲ್ಲಿ ನಮ್ಮಿಬ್ಬರ ಮುಖ ಬಿಟ್ಟರೆ ಏನಿಲ್ಲ.

ನಾಲ್ಕರಲ್ಲಿ ನನ್ನ ಬೆರಳು ತಾನಾಗಿ ಸ್ವಿಚ್ಚಿನತ್ತ ಹೋಯಿತು.
ಓತಕಾರ ಮಣಿಕಟ್ಟು ಹಿಡಿದುಕೊಂಡ.
ಆರರಲ್ಲಿ ಅಂದ: ಹೆಂಡತಿ ಬ್ರನೋಗೆ ಹೋದಳಲ್ಲ,
ಈ ಸದ್ದು ತಡೆಯಲಾರೆ ಅಂದಳು.
ಏಳರಲ್ಲಿ: ಸದ್ದೊಂದೇ ಆಗಿರಲಿಲ್ಲ, ಬಿಡು.
ಎಂಟರಲ್ಲಿ ಭರಣಿ ತೆರೆದು ಫೋರ್ಕಿನ ತುದಿಯಲ್ಲಿ ಕೋಸು ಕೊಟ್ಟ.
ಹಲ್ಲು ಚುಳ್ಳೆನ್ನುವ ಹುಳಿ.
ಒಳಗೆಲ್ಲೋ ತಾಮ್ರ ಕಾಯುತ್ತಿತ್ತು.
ಹೊರಗೆ ನಾವು ಕಾಯುತ್ತಿದ್ದೆವು.

ಹನ್ನೊಂದು ನಿಮಿಷ ನಲವತ್ತು ಸೆಕೆಂಡಿಗೆ
ಎಡಮೂಲೆಯಲ್ಲಿ ಒಂದು ಹಸಿರು ಗೆರೆ,
ಮಿನುಗಿತು, ಇಲ್ಲವಾಯಿತು, ಮಿನುಗಿತು.

ಮೂರು ಅಳಿಸಿ ಹನ್ನೆರಡು ಬರೆದೆ.
ಕೆಳಗೆ: ಪರದೆ ಕಪ್ಪಗಿರುತ್ತದೆ. ಆರಿಸಬೇಡಿ.
ಹೆದರಬೇಡಿ, ಯಂತ್ರ ಸತ್ತಿಲ್ಲ ಎಂದೂ ಸೇರಿಸಿದ್ದೆ.
ಕ್ವೆತೊಸ್ಲಾವಾ ಹೊಡೆದುಹಾಕಿದಳು:
ಅವರದ್ದು ಸತ್ತಿದ್ದರೂ ಸತ್ತಿರಬಹುದು.
ಗೊತ್ತಿರುವುದನ್ನಷ್ಟೇ ಬರೆ.

ಇಡೀ ಚಳಿಗಾಲಕ್ಕೆ ನನ್ನ ಗಳಿಕೆ ಇಷ್ಟು, ಒಂದು ಅಂಕಿ.
ಏಳನೇ ಅಧ್ಯಾಯ ಇದ್ದಲ್ಲೇ ಇದೆ.

ಏಡೆಲ್ಮಿರಾಗೆ ಬರೆಯತೊಡಗಿದ ಉತ್ತರ ಇನ್ನೂ ನನ್ನ ಬಳಿಯೇ ಇದೆ.
ತಪ್ಪು ನಿಮ್ಮದಲ್ಲ, ನಮ್ಮದು
ಎಂಬಲ್ಲಿಗೆ ಬಂದು ನಿಂತಿದೆ.
ಮುಂದಿನ ಹಂತವನ್ನು
ಯಾರೂ ಪರೀಕ್ಷಿಸಿಲ್ಲ.